ಪೆಟ್ಟಿಗೆಯೊಳಗಿನ ಮೋಡೆಮ್

(ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಮುಖ್ಯೋಪಾಧ್ಯಾಯರು ನನಗೆ ಕೊಟ್ಟ ವಿಷಯ ‘ಮಾಹಿತಿ ತಂತ್ರಜ್ಞಾನ ನಡೆದುಬಂದ ದಾರಿ’. ದಾರಿ ಬಹಳ ಉದ್ದ, ಸಮಯ ಇಪ್ಪತ್ತೈದು ನಿಮಿಷ, ಊಟದ ಹೊತ್ತೂ ಹತ್ತಿರ ಬಂದಿದೆ. ಅದಕ್ಕೇ ಆ ದಾರಿಯ ಒಂದೇ ಒಂದು ತಿರುವಿನಲ್ಲಿ ನಿಂತು ಮಾತಾಡುತ್ತೇನೆ. ತಾಲೂಕು ಕೇಂದ್ರದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡವನು ನಾನು. ಕೈಯಲ್ಲಿ ಮುಟ್ಟಿ ಗೊತ್ತಿರುವುದನ್ನಷ್ಟೇ ಹೇಳಬಲ್ಲೆ. ಇಂದಿನ ವಿಷಯ ಅಂಗೈಯಗಲದ ಒಂದು ಹಸಿರು ಕಾರ್ಡು, ಕಂಪ್ಯೂಟರ್ ಪೆಟ್ಟಿಗೆಯ ಒಳಗೆ ಕೂಡಿಸುತ್ತಿದ್ದ ಇಂಟರ್ನಲ್ ಮೋಡೆಮ್. ಅದನ್ನು ಲಿನಕ್ಸ್ ಎಂಬ ಯುನಿಕ್ಸ್ ಮನೆತನದ ವ್ಯವಸ್ಥೆಯಲ್ಲಿ ಮಾತಾಡಿಸಲು ಏನೇನು ಮಾಡಬೇಕಿತ್ತು, ಕೆಲವು ಕಾರ್ಡುಗಳು ಏನು ಮಾಡಿದರೂ ಏಕೆ ಮಾತಾಡುತ್ತಿರಲಿಲ್ಲ ಎಂಬುದು.

ಮಕ್ಕಳೇ, ನಿಮ್ಮ ಮನೆಯ ಮೊಬೈಲಿಗೆ ಇಂಟರ್‌ನೆಟ್ ಗಾಳಿಯಲ್ಲಿ ಬರುತ್ತದೆ. ಆಗ ಅದು ಟೆಲಿಫೋನ್ ತಂತಿಯಲ್ಲಿ ಬರಬೇಕಿತ್ತು. ಆ ತಂತಿಯ ವ್ಯವಸ್ಥೆ ಕಟ್ಟಿದ್ದು ಮನುಷ್ಯರ ಮಾತಿಗೆ. ಸುಮಾರು 300 ಹರ್ಟ್ಸ್‌ನಿಂದ 3,400 ಹರ್ಟ್ಸ್‌ವರೆಗಿನ ಧ್ವನಿ ಮಾತ್ರ ಅದರಲ್ಲಿ ಸರಿಯಾಗಿ ದಾಟುತ್ತದೆ. ಕಂಪ್ಯೂಟರಿನ ಸೊನ್ನೆ ಒಂದುಗಳನ್ನು ಹಾಗೆಯೇ ತಳ್ಳಿದರೆ ಆಚೆ ದಡಕ್ಕೆ ಏನೂ ಮುಟ್ಟುವುದಿಲ್ಲ. ಆದ್ದರಿಂದ ಅವನ್ನು ಧ್ವನಿಯ ಮೇಲೆ ಹೇರಿ ಕಳಿಸಬೇಕು, ಆ ಕಡೆ ಇನ್ನೊಬ್ಬರು ಇಳಿಸಿಕೊಳ್ಳಬೇಕು. ಹೇರುವುದು ಮಾಡ್ಯುಲೇಶನ್, ಇಳಿಸುವುದು ಡಿಮಾಡ್ಯುಲೇಶನ್. ಎರಡರ ತಲೆಗಳನ್ನು ಸೇರಿಸಿದರೆ ಮೋಡೆಮ್.

ಆಗಿನವರಿಗೆಲ್ಲ ಅದರ ಕೂಗು ನೆನಪಿರುತ್ತದೆ. ಹಿಂದಿನ ಸಾಲಿನಲ್ಲಿ ಕೆಲವರು ನಗುತ್ತಿದ್ದೀರಿ. ಆ ಕೀರಲು ಸದ್ದಿಗೆ ಕ್ರಮವಿತ್ತು. ಮೊದಲು ಡಯಲ್ ಟೋನ್. ಆಮೇಲೆ ಅಂಕಿಗಳು, ಒಂದೊಂದು ಅಂಕಿಗೂ ಎರಡೆರಡು ಸ್ವರ. 5 ಎಂದರೆ 770 ಮತ್ತು 1,336 ಹರ್ಟ್ಸ್ ಒಟ್ಟಿಗೆ. ಆ ಕಡೆಯ ಮೋಡೆಮ್ ಫೋನ್ ಎತ್ತಿದ ಕೂಡಲೇ 2,100 ಹರ್ಟ್ಸ್‌ನ ಒಂದು ಉದ್ದನೆಯ ಸಿಳ್ಳೆ. ಮಾತಿನಲ್ಲಿ ಪ್ರತಿಧ್ವನಿ ಬಾರದಿರಲೆಂದು ದಾರಿಯಲ್ಲಿ ಕೂರಿಸಿದ ಸಾಧನಗಳಿಗೆ ‘ಸ್ವಲ್ಪ ಹೊತ್ತು ಸುಮ್ಮನಿರಿ’ ಎಂದು ಹೇಳುವುದು ಆ ಸಿಳ್ಳೆಯ ಕೆಲಸ. ಬಳಿಕ ಎರಡೂ ಮೋಡೆಮ್‌ಗಳು ‘ನಿನಗೆ ಯಾವ ವೇಗ ಬರುತ್ತದೆ, ನನಗೆ ಯಾವುದು ಬರುತ್ತದೆ’ ಎಂದು ವಿಚಾರಿಸಿಕೊಂಡು, ನಡುವಿನ ತಂತಿ ಎಷ್ಟು ಕೆಟ್ಟಿದೆ ಎಂದು ಅಳೆಯುತ್ತವೆ. ಕೊನೆಯ ‘ಖ್ಶ್ಶ್ಶ್’ ಸದ್ದು ಆ ಅಳತೆ. ಅದು ಮುಗಿದರೆ ಸ್ಪೀಕರ್ ತಾನಾಗಿ ನಿಲ್ಲುತ್ತದೆ. ನಮ್ಮ ಊರಿನ ಲೈನಿನಲ್ಲಿ ಮೂರು ಸಲಕ್ಕೆ ಒಂದು ಸಲ ನಿಲ್ಲುತ್ತಿತ್ತು.

ವೇಗ ಎಷ್ಟಿತ್ತು ಎಂದು ಕೇಳುತ್ತೀರಿ. 1998ರಲ್ಲಿ ವಿ-90 ಎಂಬ ಪದ್ಧತಿ ಬಂತು, ಆ ಮೋಡೆಮ್ ಡಬ್ಬಿಗಳ ಮೇಲೆ 56 ಕೆ ಎಂದು ಅಚ್ಚಾಗಿರುತ್ತಿತ್ತು. ಅದಕ್ಕೆ ಮೊದಲಿನದು 33.6 ಕೆ, ಅಂದರೆ ಸೆಕೆಂಡಿಗೆ 33,600 ಬಿಟ್. ಲೈನು ಅಷ್ಟು ಒಳ್ಳೆಯದಲ್ಲದ ಊರುಗಳಲ್ಲಿ ಡಬ್ಬಿಯ ಮೇಲೆ ಏನೇ ಇರಲಿ, ಸಿಗುತ್ತಿದ್ದುದು ಈ ಹಳೆಯ ವೇಗವೇ, ಇಲ್ಲವೇ ಅದಕ್ಕಿಂತ ಕಡಿಮೆ. ಈಗ ನಿಮ್ಮ ಮೊಬೈಲಿನಲ್ಲಿ ತೆಗೆದ 5 ಎಂಬಿಯ ಒಂದು ಫೋಟೋ ಕಳಿಸಲು ಆ ವೇಗದಲ್ಲಿ ಇಪ್ಪತ್ತು ನಿಮಿಷ ಬೇಕು. ಒಂದು ಲಿನಕ್ಸ್ ಸಿಡಿಯನ್ನು, 650 ಎಂಬಿ, ಇಳಿಸಿಕೊಳ್ಳಲು ನಲವತ್ತಮೂರು ಗಂಟೆ, ಅದೂ ಮಧ್ಯೆ ಯಾರೂ ಫೋನ್ ಎತ್ತದಿದ್ದರೆ. ಹಾಗಾಗಿ ನಮಗೆಲ್ಲ ಲಿನಕ್ಸ್ ಬಂದದ್ದು ತಂತಿಯಲ್ಲಲ್ಲ, ಪಿಸಿ ಕ್ವೆಸ್ಟ್‌ನಂಥ ಪತ್ರಿಕೆಗಳ ಜೊತೆ ಕೊಡುತ್ತಿದ್ದ ಸಿಡಿಯಲ್ಲಿ, ಬಸ್ ಸ್ಟ್ಯಾಂಡಿನ ಪುಸ್ತಕದ ಅಂಗಡಿಯಿಂದ.

ಮೋಡೆಮ್‌ನಲ್ಲಿ ಎರಡು ಬಗೆ. ಹೊರಗಿಡುವುದು ಮತ್ತು ಒಳಗಿಡುವುದು. ಹೊರಗಿನದಕ್ಕೆ ತನ್ನದೇ ಕರೆಂಟು, ತನ್ನದೇ ಪೆಟ್ಟಿಗೆ, ಮುಂದೆ ಸಾಲಾಗಿ ಕೆಂಪು ದೀಪಗಳು. ಯಾವ ದೀಪ ಉರಿಯುತ್ತಿದೆ ಎಂದು ನೋಡಿದರೆ ಅರ್ಧ ರೋಗ ಗೊತ್ತಾಗುತ್ತಿತ್ತು. ಬೆಲೆ ಹೆಚ್ಚು. ಒಳಗಿನದು ಅಗ್ಗ. ಅದಕ್ಕೆ ದೀಪವೂ ಇಲ್ಲ, ಸ್ವಿಚ್ಚೂ ಇಲ್ಲ. ಹಿಂದುಗಡೆ ಎರಡು ಟೆಲಿಫೋನ್ ತೂತು ಬಿಟ್ಟರೆ ಹೊರಗೆ ಏನೂ ಕಾಣದು. ನಮ್ಮ ಕಡೆ ಕಂಪ್ಯೂಟರ್ ಕೊಂಡವರಲ್ಲಿ ಬಹುಪಾಲು ಜನ ಒಳಗಿನದನ್ನೇ ಹಾಕಿಸಿಕೊಂಡರು. ಇನ್ನೊಂದು ಮಾತು, ಗುಡುಗು ಸಿಡಿಲಿನ ಕಾಲದಲ್ಲಿ ಫೋನ್ ತಂತಿಯಿಂದ ಬಂದ ಸಿಡಿಲು ಹೊರಗಿನ ಮೋಡೆಮನ್ನು ಮಾತ್ರ ಸುಟ್ಟರೆ, ಒಳಗಿನದರ ಜೊತೆ ಮದರ್‌ಬೋರ್ಡನ್ನೂ ಕರೆದುಕೊಂಡು ಹೋಗುತ್ತಿತ್ತು. ಮುಂಗಾರಿನ ಮೊದಲ ವಾರ ನನ್ನ ಅಂಗಡಿಗೆ ಸುಗ್ಗಿ. ಹೇಳಬಾರದು, ಆದರೂ ನಿಜ.

ಈಗ ಒಳಗಿನ ಕಾರ್ಡನ್ನು ಹೇಗೆ ಮಾತಾಡಿಸುವುದು? ಕಂಪ್ಯೂಟರಿನಲ್ಲಿ ಸೀರಿಯಲ್ ಪೋರ್ಟ್ ಎಂಬ ಬಾಗಿಲುಗಳಿದ್ದವು. ಕಾಮ್ 1, ಕಾಮ್ 2, ಕಾಮ್ 3, ಕಾಮ್ 4. ಪ್ರತಿ ಬಾಗಿಲಿಗೂ ಒಂದು ವಿಳಾಸ ಬೇಕು, ಒಂದು ಗಂಟೆಯೂ ಬೇಕು. ಅಕ್ಷರ ಬಂದಾಗ ಮೋಡೆಮ್ ಗಂಟೆ ಬಾರಿಸಿ ಪ್ರೊಸೆಸರನ್ನು ಎಬ್ಬಿಸಬೇಕು. ಆ ಗಂಟೆಗೆ ಐಆರ್‌ಕ್ಯೂ ಎನ್ನುತ್ತಾರೆ. ತೊಡಕು ಇಲ್ಲಿದೆ: ಬಾಗಿಲು ನಾಲ್ಕು, ಗಂಟೆ ಎರಡು. ಕಾಮ್ 1 ಮತ್ತು 3ಕ್ಕೆ 4ನೆಯ ಗಂಟೆ, ಕಾಮ್ 2 ಮತ್ತು 4ಕ್ಕೆ 3ನೆಯ ಗಂಟೆ. ಕಾಮ್ 1ರಲ್ಲಿ ಆಗಿನ ಕಾಲದ ಮೌಸ್ ಕೂತಿರುತ್ತಿತ್ತು. ಮೋಡೆಮನ್ನು ಕಾಮ್ 3ರಲ್ಲಿ ಕೂರಿಸಿದರೆ ವಠಾರದ ಎರಡು ಮನೆಗೆ ಒಂದೇ ಕರೆಗಂಟೆ ಇದ್ದಂತೆ. ಮೌಸ್ ಅಲುಗಿಸಿದರೆ ಮೋಡೆಮ್ ಸ್ತಬ್ಧ, ಮೋಡೆಮ್ ಕೂಗಿದರೆ ಮೌಸ್ ಸ್ತಬ್ಧ. ಗಿರಾಕಿ ಬಂದು ‘ವೈರಸ್ ಹೊಕ್ಕಿದೆ’ ಎನ್ನುತ್ತಿದ್ದ.

ಹಳೆಯ ಕಾರ್ಡುಗಳಲ್ಲಿ ಇದಕ್ಕೆ ಮದ್ದು ಕಾರ್ಡಿನ ಮೇಲೆಯೇ ಇತ್ತು. ಜಂಪರ್ ಎಂಬ ಅಕ್ಕಿಕಾಳಿನಷ್ಟು ಟೋಪಿಗಳು. ಅವನ್ನು ಚಿಮಟದಿಂದ ಕಿತ್ತು ಪಕ್ಕದ ಕಡ್ಡಿಗಳಿಗೆ ಹಾಕಿದರೆ ಬಾಗಿಲೂ ಗಂಟೆಯೂ ಬದಲಾಗುತ್ತಿದ್ದವು. ಬದಲಾದದ್ದನ್ನು ಲಿನಕ್ಸ್‌ಗೆ ತಿಳಿಸಲು ಸೆಟ್‌ಸೀರಿಯಲ್ ಎಂಬ ಆಜ್ಞೆ. ‘ಈ ಬಾಗಿಲಿನ ವಿಳಾಸ ಇದು, ಗಂಟೆ ಇದು’ ಎಂದು ಒಂದು ಸಾಲು ಬರೆದು, ಯಂತ್ರ ಏಳುವಾಗಲೆಲ್ಲ ಅದು ನಡೆಯುವಂತೆ ಇಡುವುದು. ಆಮೇಲೆ ಜಂಪರ್ ಇಲ್ಲದ ಪ್ಲಗ್ ಅಂಡ್ ಪ್ಲೇ ಕಾರ್ಡುಗಳು ಬಂದವು. ಅವಕ್ಕೆ ಪಿಎನ್‌ಪಿ ಡಂಪ್ ಎಂಬ ಉಪಕರಣ ಓಡಿಸಿದರೆ, ಕಾರ್ಡು ಎಲ್ಲೆಲ್ಲಿ ಕೂರಬಲ್ಲದು ಎಂಬ ಉದ್ದನೆಯ ಪಟ್ಟಿ ಒಂದು ಕಡತದಲ್ಲಿ ಬೀಳುತ್ತಿತ್ತು. ಪ್ರತಿ ಸಾಲಿನ ಮುಂದೆಯೂ ಹ್ಯಾಷ್ ಚಿಹ್ನೆ, ಅಂದರೆ ‘ಸದ್ಯಕ್ಕೆ ಓದಬೇಡ’. ನಮಗೆ ಬೇಕಾದ ಸಾಲುಗಳ ಹ್ಯಾಷ್ ಅಳಿಸಬೇಕು. ಅಷ್ಟೇ ಕೆಲಸ, ಆದರೆ ಯಾವ ಸಾಲು ಎಂದು ತಿಳಿಯಲು ಇಡೀ ಪಟ್ಟಿ ಓದಬೇಕು. ಓದದೆ ಮಾಡುವ ದಾರಿ ಇರಲಿಲ್ಲ.

ಯುನಿಕ್ಸ್ ಮನೆತನದ ಒಂದು ಪದ್ಧತಿಯನ್ನು ಇಲ್ಲಿ ಹೇಳಬೇಕು. ಅಲ್ಲಿ ಯಂತ್ರದ ಅಂಗಗಳೂ ಕಡತಗಳೇ. ಡೆವ್ ಎಂಬ ಕೋಶದೊಳಗೆ ಟಿಟಿವೈಎಸ್0, ಟಿಟಿವೈಎಸ್1 ಎಂದು ಹೆಸರಿರುತ್ತವೆ. ಎಣಿಕೆ ಸೊನ್ನೆಯಿಂದ, ಆದ್ದರಿಂದ ಕಾಮ್ 2 ಅಲ್ಲಿ 1 ಆಗುತ್ತದೆ. ಆ ಹೆಸರಿಗೆ ಬರೆದದ್ದು ಮೋಡೆಮ್‌ಗೆ ಹೋಗುತ್ತದೆ, ಓದಿದರೆ ಮೋಡೆಮ್ ಹೇಳಿದ್ದು ಸಿಗುತ್ತದೆ. ಹಾರ್ಡ್ ಡಿಸ್ಕಿಗೂ ಅದೇ ಕೋಶದಲ್ಲಿ ಹೆಸರು. ಇದರ ಸೊಗಸು ಏನು, ಅಪಾಯ ಏನು ಎಂಬುದನ್ನು ಲಿನಕ್ಸ್ ಬರೆದ ಲಿನಸ್ ಟೊರ್ವಾಲ್ಡ್ಸ್ ಸ್ವತಃ ಅನುಭವಿಸಿದರು. 1991ರಲ್ಲಿ ಹೆಲ್ಸಿಂಕಿಯಲ್ಲಿ ವಿದ್ಯಾರ್ಥಿಯಾಗಿದ್ದ ಅವರು ಮೊದಲು ಬರೆದದ್ದು, ಮನೆಯಿಂದ ಮೋಡೆಮ್ ಮೂಲಕ ವಿಶ್ವವಿದ್ಯಾಲಯದ ಯುನಿಕ್ಸ್ ಯಂತ್ರಕ್ಕೆ ಸೇರಿಕೊಳ್ಳುವ ಒಂದು ಸಣ್ಣ ಪ್ರೋಗ್ರಾಮ್. ಅದೇ ಬೆಳೆದು ಲಿನಕ್ಸ್ ಆಯಿತು. ಆಗಿನ್ನೂ ಅವರ ಡಿಸ್ಕಿನಲ್ಲಿ ಮಿನಿಕ್ಸ್ ಎಂಬ ಇನ್ನೊಂದು ವ್ಯವಸ್ಥೆಯೂ ಇತ್ತು. ಒಂದು ದಿನ ಮೋಡೆಮ್‌ಗೆ ಕಳಿಸಬೇಕಾದ ಡಯಲ್ ಆಜ್ಞೆಯನ್ನು ಕಣ್ತಪ್ಪಿ ಹಾರ್ಡ್ ಡಿಸ್ಕಿನ ಹೆಸರಿಗೆ ಕಳಿಸಿಬಿಟ್ಟರು. ಡಿಸ್ಕು ಫೋನ್ ಮಾಡೀತೇ? ಅದು ತನ್ನ ಮೇಲೆ ಬರೆದುಕೊಂಡಿತು, ಮಿನಿಕ್ಸ್ ಅಳಿಸಿಹೋಯಿತು. ಮತ್ತೆ ಅದನ್ನು ಹಾಕಿಕೊಳ್ಳುವ ಗೋಜಿಗೆ ಹೋಗದೆ ಅವರು ಪೂರ್ತಿ ಲಿನಕ್ಸ್‌ಗೇ ಬಂದರು.

ಬಾಗಿಲು ಸರಿಯಾಯಿತೋ ಇಲ್ಲವೋ ಎಂದು ಪರೀಕ್ಷಿಸುವ ವಿಧಾನ ನನಗೆ ಇಂದಿಗೂ ಬಹಳ ಇಷ್ಟ. ಮಿನಿಕಾಮ್ ಎಂಬ ಪ್ರೋಗ್ರಾಮ್ ತೆರೆದು ‘ಎಟಿ’ ಎಂದು ಎರಡಕ್ಷರ ಒತ್ತಿ ಎಂಟರ್ ಹೊಡೆಯುವುದು. ಅಟೆನ್ಶನ್ ಎಂಬುದರ ಮೊದಲೆರಡು ಸದ್ದು, ‘ಇಲ್ಲಿ ಕೇಳು’ ಎಂದು. ಮೋಡೆಮ್ ‘ಓಕೆ’ ಎಂದು ಉತ್ತರಿಸಬೇಕು. 1981ರಲ್ಲಿ ಹೇಯ್ಸ್ ಎಂಬ ಅಮೆರಿಕದ ಕಂಪನಿ ತನ್ನ ಮೋಡೆಮ್‌ಗೆಂದು ಮಾಡಿದ ಈ ಭಾಷೆಯನ್ನು ಮಿಕ್ಕವರೆಲ್ಲ ಅನುಸರಿಸಿದರು. ಎಟಿಡಿಟಿ ಎಂದರೆ ಸ್ವರದಲ್ಲಿ ಡಯಲ್ ಮಾಡು, ಎಟಿಡಿಪಿ ಎಂದರೆ ಬಡಿತದಲ್ಲಿ ಡಯಲ್ ಮಾಡು, ಎಟಿಎಚ್ ಎಂದರೆ ಫೋನ್ ಇಡು. ಆ ‘ಓಕೆ’ ಬಂತೆಂದರೆ ಮುಂದಿನದೆಲ್ಲ ತಂತಿಯ ಸಮಸ್ಯೆ. ಬರಲಿಲ್ಲವೆಂದರೆ ತಂತಿಯನ್ನು ಬೈಯುವುದು ವ್ಯರ್ಥ.

ತಂತಿಯ ಸಮಸ್ಯೆಯೂ ಕಡಿಮೆ ಇರಲಿಲ್ಲ. ಹಳ್ಳಿಗೆ ಫೋನ್ ತಂದ ಸಿ-ಡಾಟ್ ಸಂಸ್ಥೆ ಶುರುವಾದದ್ದು 1984ರಲ್ಲಿ. ಅವರ 128 ಲೈನುಗಳ ಮೊದಲ ಗ್ರಾಮೀಣ ಎಕ್ಸ್‌ಚೇಂಜ್ ನಡೆದದ್ದು ನಮ್ಮ ರಾಜ್ಯದ್ದೇ ಕಿತ್ತೂರಿನಲ್ಲಿ, 1986ರಲ್ಲಿ. ಎಸಿ ಕೋಣೆ ಬೇಡದ, ಬಿಸಿಲು ಧೂಳು ತಡೆಯುವ ಆ ಪೆಟ್ಟಿಗೆಗೆ ನಾವು ಋಣಿಗಳು. ಆದರೆ ಇನ್ನೂ ಹಳೆಯ ಎಕ್ಸ್‌ಚೇಂಜ್ ಇದ್ದ ಊರುಗಳಲ್ಲಿ ಸ್ವರದ ಡಯಲ್ ನಡೆಯುತ್ತಿರಲಿಲ್ಲ. 5 ಎಂದರೆ ಲೈನನ್ನು ಐದು ಸಲ ಕತ್ತರಿಸಿ ಜೋಡಿಸುವ ಬಡಿತದ ಡಯಲ್, ಅಲ್ಲಿಗೆ ಎಟಿಡಿಪಿ. ಇನ್ನೊಂದು ವಿಚಿತ್ರ ಹೇಳುತ್ತೇನೆ. ಅಮೆರಿಕದ ಡಯಲ್ ಟೋನ್ 350 ಮತ್ತು 440 ಹರ್ಟ್ಸ್ ಸೇರಿದ್ದು. ನಮ್ಮ ದೇಶದ್ದು 400 ಹರ್ಟ್ಸ್, ಅದರ ಮೇಲೆ 25 ಹರ್ಟ್ಸ್‌ನ ಅಲೆ. ಅಮೆರಿಕದ ಕಿವಿಯ ಮೋಡೆಮ್ ನಮ್ಮ ‘ಕುರ್‌ರ್‌’ ಕೇಳಿ ‘ನೋ ಡಯಲ್‌ಟೋನ್’ ಎಂದು ಕೈಚೆಲ್ಲಿ ಕೂರುತ್ತಿತ್ತು. ಆಗ ಎಟಿಎಕ್ಸ್3 ಎಂದು ಬರೆಯಬೇಕು. ‘ಟೋನ್ ಕೇಳಿಸದಿದ್ದರೂ ಚಿಂತೆಯಿಲ್ಲ, ಡಯಲ್ ಮಾಡು’ ಎಂದರ್ಥ. ಈ ಒಂದು ಸಾಲಿನಿಂದ ನಾನು ಎಷ್ಟು ಮನೆಗಳಲ್ಲಿ ಕಾಫಿ ಕುಡಿದಿದ್ದೇನೋ ಲೆಕ್ಕವಿಲ್ಲ.

ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಇಂಟರ್‌ನೆಟ್ ತೆರೆದದ್ದು 1995ರ ಆಗಸ್ಟ್ 15ರಂದು, ವಿಎಸ್‌ಎನ್‌ಎಲ್ ಮೂಲಕ. ಮೊದಮೊದಲು ಅಗ್ಗದ ಖಾತೆಯಲ್ಲಿ ಬರೀ ಅಕ್ಷರಗಳೇ. ಚಿತ್ರವಿಲ್ಲ, ಆ ಕಡೆಯ ಯುನಿಕ್ಸ್ ಯಂತ್ರದ ಮುಂದೆ ನಾವು ಕೂತಂತೆ. ಊರುಗಳ ಕಡೆ ನಿಜವಾಗಿ ಹರಡಿದ್ದು ಬಿಎಸ್‌ಎನ್‌ಎಲ್‌ನವರ ಸಂಚಾರ್‌ನೆಟ್ ಬಂದು, 172233 ಎಂಬ ಸಂಖ್ಯೆ ಎಲ್ಲರ ಬಾಯಲ್ಲಿ ನಿಂತ ಮೇಲೆ. ಸಂಖ್ಯೆ, ಹೆಸರು, ಪಾಸ್‌ವರ್ಡ್ ಮೂರನ್ನೂ ಡಬ್ಲ್ಯುವಿಡಯಲ್ ಎಂಬ ಪ್ರೋಗ್ರಾಮಿನ ಕಡತದಲ್ಲಿ ಬರೆದಿಟ್ಟರೆ ಅದು ಡಯಲ್ ಮಾಡಿ, ಪಿಪಿಪಿಡಿ ಎಂಬಾತನಿಗೆ ಕೆಲಸ ಒಪ್ಪಿಸುತ್ತಿತ್ತು. ಪಿಪಿಪಿಡಿ ಆ ಕಡೆಯವರಿಂದ ನಮಗೊಂದು ವಿಳಾಸ ಕೇಳಿ ಪಡೆಯುತ್ತಿದ್ದ. ಇಲ್ಲಿ ಸಣ್ಣಪುಟ್ಟ ಮುಳ್ಳುಗಳಿದ್ದವು, ಮೋಡೆಮ್ ಕಡತ ಮುಟ್ಟಲು ಅನುಮತಿ ಇಲ್ಲದಿರುವುದು, ಹಿಂದಿನ ಸಲದ ಬೀಗದ ಕಡತ ಉಳಿದಿರುವುದು. ಅವೆಲ್ಲ ತೆರೆಯ ಮೇಲಿನ ಸಂದೇಶ ಓದಿದರೆ ಬಗೆಹರಿಯುವಂಥವು.

ಬಗೆಹರಿಯದೇ ಇದ್ದದ್ದು ಬೇರೆ. ಸುಮಾರು 1998ರ ಹೊತ್ತಿಗೆ ಅಂಗಡಿಗಳಲ್ಲಿ ಇನ್ನೂ ಅಗ್ಗದ ಕಾರ್ಡುಗಳು ತುಂಬಿದವು. ಬಿಳಿಯ ಪಿಸಿಐ ಸ್ಲಾಟಿಗೆ ಹಾಕುವಂಥವು. ಕಾರ್ಡು ನೋಡಿದರೆ ಬಡಕಲು, ಒಂದೆರಡು ಚಿಪ್ ಮಾತ್ರ. ನಿಜವಾದ ಮೋಡೆಮ್‌ನಲ್ಲಿ ಎಟಿ ಆಜ್ಞೆಗಳನ್ನು ಅರ್ಥಮಾಡಿಕೊಳ್ಳುವ ಒಂದು ಚಿಪ್, ಧ್ವನಿಯ ಲೆಕ್ಕ ಮಾಡುವ ಒಂದು ಚಿಪ್ ಇರುತ್ತವೆ. ಇವುಗಳಲ್ಲಿ ಕೆಲವು ಮೊದಲನೆಯದನ್ನು ಬಿಟ್ಟಿದ್ದವು, ಇನ್ನು ಕೆಲವು ಎರಡನ್ನೂ ಬಿಟ್ಟಿದ್ದವು. ಆ ಕೆಲಸವನ್ನೆಲ್ಲ ಕಂಪ್ಯೂಟರಿನ ಪ್ರೊಸೆಸರೇ ಮಾಡಬೇಕು, ಜೊತೆಗೆ ಬಂದ ಡ್ರೈವರ್ ಎಂಬ ಪ್ರೋಗ್ರಾಮಿನ ಮೂಲಕ. ಆ ಡ್ರೈವರ್ ವಿಂಡೋಸ್‌ಗೆ ಮಾತ್ರ. ಹಾಗಾಗಿ ಒಂದು ಕಂಪನಿಯ ಸರಕಿನ ಹೆಸರಾದ ‘ವಿನ್‌ಮೋಡೆಮ್’ ಇಡೀ ಜಾತಿಗೇ ಅಂಟಿಕೊಂಡಿತು. ಲಿನಕ್ಸ್‌ನಲ್ಲಿ ಆ ಕಾರ್ಡಿಗೆ ‘ಎಟಿ’ ಎಂದರೆ ಉತ್ತರವಿಲ್ಲ. ಜಂಪರ್ ಇಲ್ಲ, ಗಂಟೆಯ ಜಗಳ ಇಲ್ಲ, ತಪ್ಪು ಎಂದು ತೋರಿಸಲು ಏನೂ ಇಲ್ಲ. ಕೇಳಿಸಿಕೊಳ್ಳುವ ಕಿವಿಯನ್ನೇ ಕಾರ್ಡಿನಲ್ಲಿ ಇಟ್ಟಿರಲಿಲ್ಲ.

ನಮ್ಮ ಶಾಲೆಯಲ್ಲೇ ಓದಿದ ಒಬ್ಬ ಹುಡುಗ, ಹೆಸರು ಬೇಡ, ಇಂಥ ಕಾರ್ಡು ಇದ್ದ ಯಂತ್ರ ತಂದ. ತಂದೆ ಅಡಿಕೆ ಮಾರಿದ ದುಡ್ಡಿನಲ್ಲಿ ಕೊಡಿಸಿದ್ದು. ವಿಂಡೋಸ್‌ಗೆ ದುಡ್ಡು ಕೊಡುವ ಶಕ್ತಿ ಇರಲಿಲ್ಲ. ಎಲ್ಲರಂತೆ ಕಳ್ಳ ಸಿಡಿ ಹಾಕಿಸಿಕೊಳ್ಳಲು ಅವನಿಗೆ ಮನಸ್ಸಿಲ್ಲ. ಲಿನಕ್ಸ್ ಹಾಕಿಕೊಂಡಿದ್ದ. ಮೋಡೆಮ್ ಮೂಗಬಸವ. ಎಲ್‌ಎಸ್‌ಪಿಸಿಐ ಎಂಬ ಆಜ್ಞೆ ಓಡಿಸಿದಾಗ ಚಿಪ್ ಯಾರದೆಂದು ತಿಳಿಯಿತು. ಅದು ಲೂಸೆಂಟ್ ಜಾತಿಯದು, ಅದಕ್ಕೆ ಲಿನಕ್ಸ್ ಡ್ರೈವರ್ ಇದೆ ಎಂದೂ ತಿಳಿಯಿತು. ಎಲ್ಲಿದೆ? ಇಂಟರ್‌ನೆಟ್ಟಿನಲ್ಲಿ. ಇಂಟರ್‌ನೆಟ್ಟಿಗೆ ಹೋಗಲು ಏನು ಬೇಕು? ಆ ಡ್ರೈವರ್.

ಅವನು ವಾರಕ್ಕೆರಡು ಸಲ ಬಸ್ಸಿನಲ್ಲಿ ಸೈಬರ್ ಕೆಫೆಗೆ ಹೋಗಿ, ಗಂಟೆಗೆ ದುಡ್ಡು ಕೊಟ್ಟು, 1.44 ಎಂಬಿಯ ಫ್ಲಾಪಿಯಲ್ಲಿ ಕಡತ ತುಂಬಿಕೊಂಡು ಬರುತ್ತಿದ್ದ. ಮನೆಗೆ ಬಂದು ಹಾಕಿದರೆ ‘ಕರ್ನಲ್ ಆವೃತ್ತಿ ಹೊಂದುವುದಿಲ್ಲ’ ಎಂಬ ಸಂದೇಶ. ಏಕೆಂದರೆ ಆ ಡ್ರೈವರಿನ ಮುಖ್ಯ ಭಾಗವನ್ನು ಕಂಪನಿ ಮುಚ್ಚಿದ ಮುದ್ದೆಯಾಗಿ ಕೊಟ್ಟಿತ್ತು. ಅದರ ಸುತ್ತ ಹೊರಗಿನ ಜನ ಸ್ವಂತ ಆಸಕ್ತಿಯಿಂದ ಒಂದು ತೆರೆದ ಹೊದಿಕೆ ಬರೆದಿದ್ದರು. ಆ ಹೊದಿಕೆಯನ್ನು ನಮ್ಮ ಯಂತ್ರದ ಕರ್ನಲ್‌ಗೆ ಸರಿಯಾಗಿ ಮತ್ತೆ ಕಟ್ಟಬೇಕು. ಅದಕ್ಕೆ ಅದೇ ಆವೃತ್ತಿಯ ಕರ್ನಲ್ ಮೂಲ ಬೇಕು. ಅದು ಪತ್ರಿಕೆಯ ಸಿಡಿಯಲ್ಲಿತ್ತು, ನಾವು ನೋಡಿರಲಿಲ್ಲ ಅಷ್ಟೆ. ಸಂದೇಹಗಳನ್ನು ಕೆಫೆಯಿಂದ ಇಂಗ್ಲಿಷಿನಲ್ಲಿ ಬರೆದು ಕೇಳುತ್ತಿದ್ದ. ಎಸ್ಸೆಸ್ಸೆಲ್ಸಿಯ ಇಂಗ್ಲಿಷು. ಮುಂದಿನ ಸಲ ಹೋದಾಗ ಯಾವುದೋ ದೇಶದವರ ಉತ್ತರ ಕಾದಿರುತ್ತಿತ್ತು. ಒಬ್ಬರೂ ಅವನ ಇಂಗ್ಲಿಷನ್ನು ಆಡಿಕೊಳ್ಳಲಿಲ್ಲ. ಐದು ವಾರ ಹಿಡಿಯಿತು. ಒಂದು ರಾತ್ರಿ ಹನ್ನೊಂದಕ್ಕೆ ಅಂಗಡಿಯ ಮೇಲಿನ ನನ್ನ ಮನೆಗೆ ಫೋನ್ ಬಂತು, ‘ಅಣ್ಣಾ, ಓಕೆ ಅಂತು.’ ನಾನು ಕೇಳಿದೆ, ‘ಹಾಗಾದರೆ ಲೈನ್ ಬಿಡೋ, ಡಯಲ್ ಮಾಡು!’

ಇಷ್ಟು ಹೇಳಿದ ಮೇಲೆ ನನ್ನ ಅಭಿಪ್ರಾಯವನ್ನೂ ಹೇಳಿಬಿಡುತ್ತೇನೆ. ಆ ಬಡಕಲು ಕಾರ್ಡುಗಳನ್ನು ಮೋಸದ ಸರಕು ಎಂದು ಬೈಯುವವರು ಬಹಳ. ನಾನು ಅಷ್ಟು ಬೈಯಲಾರೆ. ಚಿಪ್ಪಿನ ಕೆಲಸವನ್ನು ಪ್ರೋಗ್ರಾಮಿನಿಂದ ಮಾಡಿಸುವುದು ಜಾಣತನವೇ. ಬೆಲೆ ಇಳಿದದ್ದರಿಂದಲೇ ಎಷ್ಟೋ ಮನೆಗಳಿಗೆ ಮೋಡೆಮ್ ಬಂತು. ನನಗೆ ಒಪ್ಪಿಗೆಯಾಗದ್ದು, ಕಾರ್ಡು ಮಾರಿ ಅದರೊಡನೆ ಮಾತಾಡುವ ಭಾಷೆಯನ್ನು ಗುಟ್ಟಾಗಿ ಇಟ್ಟುಕೊಂಡದ್ದು. ಹೇಯ್ಸ್ ಭಾಷೆಯನ್ನು ಎಲ್ಲರೂ ಬಲ್ಲವರಾಗಿದ್ದರಿಂದ ತೈವಾನಿನ ಮೋಡೆಮ್, ಹೆಲ್ಸಿಂಕಿಯ ಪ್ರೋಗ್ರಾಮ್, ನಮ್ಮೂರ ಯಂತ್ರ ಮೂರೂ ಹೊಂದಿಕೊಂಡವು. ಗುಟ್ಟು ಮಾಡಿದ ಮೇಲೆ ಆ ಹುಡುಗನ ಐದು ವಾರ ಹೋಯಿತು. ಕಂಪನಿ ಆ ಚಿಪ್ಪಿನ ಮೇಲೆ ಆಸಕ್ತಿ ಕಳೆದುಕೊಂಡ ದಿನ, ಹೊಸ ಕರ್ನಲ್ ಬಂದ ದಿನ, ಒಳ್ಳೆಯ ಕಾರ್ಡು ಕಸವಾಯಿತು. ಇನ್ನೊಂದು ಜಾತಿಯ ಚಿಪ್ಪಿಗೆ ಬೇರೊಂದು ಕಂಪನಿ ಡ್ರೈವರ್ ಮಾಡಿತು. ಪುಕ್ಕಟೆ ಪ್ರತಿಯಲ್ಲಿ ವೇಗ 14.4 ಕೆಗೆ ಕಟ್ಟು, ಪೂರ್ತಿ ವೇಗ ಬೇಕಾದರೆ ದುಡ್ಡು.

2004ರಲ್ಲಿ ಆ ಡ್ರೈವರಿನದೇ ಒಂದು ಕಥೆ ಹೊರಬಂತು, ಕಂಪ್ಯೂಟರ್ ಕಲಿಯುವ ಮಕ್ಕಳು ಕೇಳಬೇಕು. ಲಿನಕ್ಸ್ ಕರ್ನಲ್ ತನ್ನೊಳಗೆ ಸೇರುವ ಪ್ರತಿ ಡ್ರೈವರನ್ನೂ ‘ನಿನ್ನ ಪರವಾನಗಿ ಯಾವುದು’ ಎಂದು ಕೇಳುತ್ತದೆ. ಜಿಪಿಎಲ್ ಎಂಬ ತೆರೆದ ಪರವಾನಗಿಯಾದರೆ ಸರಿ, ಮುಚ್ಚಿದ್ದಾದರೆ ಎಚ್ಚರಿಕೆ ಬರೆಯುತ್ತದೆ. ಸಿ ಭಾಷೆಯಲ್ಲಿ ಒಂದು ವಾಕ್ಯ ಎಲ್ಲಿ ಮುಗಿಯಿತು ಎಂಬುದಕ್ಕೆ ಗುರುತು ಒಂದು ಸೊನ್ನೆ ಅಕ್ಷರ. ಆ ಡ್ರೈವರ್ ‘ಜಿಪಿಎಲ್’ ಎಂದು ಬರೆದು, ಪಕ್ಕದಲ್ಲೇ ಸೊನ್ನೆ ಇಟ್ಟು, ಆಮೇಲೆ ‘ಇಂಥ ಕೋಶದ ಕಡತಗಳಿಗೆ ಮಾತ್ರ’ ಎಂದು ಮುಂದುವರಿಸಿತ್ತು. ಕರ್ನಲ್ ಸೊನ್ನೆಯವರೆಗೆ ಓದಿ ಸಮಾಧಾನಪಟ್ಟುಕೊಂಡಿತು. ಒಬ್ಬ ಪ್ರೋಗ್ರಾಮರ್ ಇದನ್ನು ಹಿಡಿದರು, ದೊಡ್ಡ ಚರ್ಚೆಯಾಯಿತು. ಪದೇ ಪದೇ ಬರುವ ಎಚ್ಚರಿಕೆಯಿಂದ ಬಳಕೆದಾರರು ಗಾಬರಿಯಾಗಬಾರದೆಂದು ಹಾಗೆ ಮಾಡಿದೆವು ಎಂಬುದು ಕಂಪನಿಯ ಉತ್ತರ. ಇರಬಹುದು. ಆದರೆ ನಾನು ಗಿರಾಕಿಗೆ ಕೊಡುವ ರಸೀದಿಯಲ್ಲಿ ಹಾಗೆ ಬರೆದರೆ ಇಲ್ಲಿ ಕೂತಿರುವ ಗಣಿತದ ಮೇಷ್ಟ್ರು ಬಿಡುತ್ತಾರೆಯೇ?

ಆ ಹುಡುಗ ಈಗ ಬೆಂಗಳೂರಿನಲ್ಲಿದ್ದಾನೆ. ಡ್ರೈವರ್ ಬರೆಯುವುದೇ ಅವನ ಉದ್ಯೋಗ. ಇಂದು ಬರಲಾಗಲಿಲ್ಲ, ಆದರೆ ಎರಡು ಮೋಡೆಮ್ ಕೊಟ್ಟು ಕಳಿಸಿದ್ದಾನೆ. ಒಂದು ಹೊರಗಿನದು, ಒಂದು ಜಂಪರ್ ಇರುವ ಹಳೆಯ ಒಳಗಿನದು. ಊಟವಾದ ಮೇಲೆ ಕಂಪ್ಯೂಟರ್ ಕೊಠಡಿಗೆ ಬನ್ನಿ. ಎರಡು ಯಂತ್ರಕ್ಕೆ ಅವನ್ನು ಹಾಕಿ ನಡುವೆ ಒಂದು ಫೋನ್ ತಂತಿ ಎಳೆದಿದ್ದೇವೆ. ಎಕ್ಸ್‌ಚೇಂಜ್ ಇಲ್ಲ, ಆದ್ದರಿಂದ ಡಯಲ್ ಟೋನ್ ಇಲ್ಲ. ಒಂದು ಕಡೆ ಎಟಿಎಕ್ಸ್3ಡಿ ಎಂದು ಒತ್ತಬೇಕು, ಇನ್ನೊಂದು ಕಡೆ ಎಟಿಎ ಎಂದು. ಒಂಬತ್ತನೆಯ ತರಗತಿಯವರು ಮೊದಲು, ಹತ್ತು ಹತ್ತು ಜನ. ಸ್ಪೀಕರ್ ಜೋರಾಗಿಯೇ ಇಟ್ಟಿದ್ದೇನೆ.